ದೇಹ ಮುಟ್ಟಬೇಕೆಂಬ ನಿಯಮ

ತ್ರಾಸಿ
೨೮ ನವೆಂಬರ್ ೨೦೧೫

ಪ್ರೀತಿಯ ರತೀಶ,

ದೀಕ್ಷಕ್ಕನ ನೆನಪುಗಳು. ಕೊಲ್ಲೂರಿನಿಂದ ನೀನು ಬರೆದ ಪತ್ರ ದೀಪಾವಳಿಗೆ ಮೊದಲೇ ಸಿಕ್ಕಿತ್ತು. ಉತ್ತರ ತಡವಾಯಿತು, ಬೇಸರಿಸಬೇಡ. ಫೋನ್ ಮಾಡಿದರೆ ಮಾತಿಗಿಂತ ಮೊದಲು ಅಳು ಬರುತ್ತದೆ, ಅದಕ್ಕೇ ಬರೆಯಲು ಕೂತೆ. ನವರಾತ್ರಿಯ ಜನಸಾಗರ ಕರಗಿ ನಿನ್ನ ಲಾಡ್ಜಿನಲ್ಲಿ ಈಗ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತಿರಬೇಕು.

ಕ್ಷಮಿಸು ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ಸಿಟ್ಟೇ ಬಂತು. ದಾಳಗಳನ್ನು ಅಂಗಳಕ್ಕೆ ಎಸೆದವಳು ನಾನು. ನೀನು ಪುಸ್ತಕದಲ್ಲಿ ಇದ್ದದ್ದನ್ನು ಓದಿದೆ, ಅಷ್ಟೇ.

ತಮ್ಮ ರತನ್ ನಮ್ಮ ಅಮ್ಮನಿಗೆ ಈ ದಾಳದ ಆಟ ಹೇಳಿಕೊಟ್ಟದ್ದು ನೆನಪಿದೆಯಾ? ಒಬ್ಬೊಬ್ಬರೂ ಒಂದು ವೇಷ, ರತೀಶ ಕಥೆ ನಡೆಸುವವನು, ಗೆದ್ದದ್ದೋ ಸೋತದ್ದೋ ದಾಳ ಹೇಳುತ್ತದೆ, ತಾನು ಮಂತ್ರವಾದಿ ಎಂದಿದ್ದ. "ಮಂತ್ರಕ್ಕೆ ಬಾಯಿ ಬೇಕ್, ಕೈ ಬೇಕ್, ಸಾಮಾನ್ ಬೇಕ್ ಅಮ್ಮಾ." ಅಮ್ಮ ತರಕಾರಿ ಹೆಚ್ಚುತ್ತಲೇ, "ಪೂಜೆಗೂ ಅಷ್ಟೇ ಅಲ್ದಾ? ಹೊಸ್ತ್ ಎಂತ ಇತ್ತ್ ಅದ್ರಗೆ?" ಎಂದಿದ್ದಳು.

ಬೇರೆಯವರು ಸಾಮಾನು ಇದೆ ಎಂದು ಬಾಯಲ್ಲಿ ಹೇಳಿ ಆಡುತ್ತಾರಂತೆ. ನಮ್ಮ ರತನ್‌ಗೆ ಅದು ಸಾಲದು. ಬೆಂಕಿಯುಂಡೆಯ ಮಂತ್ರಕ್ಕೆ ಬಾವಲಿ ಹಿಕ್ಕೆ ಬೇಕೆಂದು ಪುಸ್ತಕ ಹೇಳಿದ್ದೇ ಸೈ, ಕೆರಾಡಿಯ ಗುಹೆಯಿಂದ ಪೊಟ್ಟಣ ಕಟ್ಟಿ ತಂದ. "ಇದೆಂತ ನಾತ ಮಾರಾಯಾ!" ಎಂದು ಅಮ್ಮ ಅವನನ್ನೂ ಪೊಟ್ಟಣವನ್ನೂ ಒಟ್ಟಿಗೆ ಹೊರಗೆ ಹಾಕಿದ್ದಳು. ಎಷ್ಟು ನಕ್ಕಿದ್ದೆವು.

ಆಗಸ್ಟಿನಲ್ಲಿ ಮೀನಿಗೆ ಹೋದ ದೋಣಿ ಮಗುಚಿತು. ಜೊತೆಗಿದ್ದ ಕುಷ್ಟಣ್ಣ ಈಜಿ ದಡ ಸೇರಿದ, ನನ್ನ ತಮ್ಮ ಸೇರಲಿಲ್ಲ. ಅವನ ದೇಹವನ್ನೂ ಸಮುದ್ರ ಕೊಡಲಿಲ್ಲ. ಆಮೇಲೆ ನೀವೆಲ್ಲ ನಮ್ಮ ಜಗಲಿಗೆ ಬಂದ ಆ ಭಾನುವಾರ, ಕಥೆಯಲ್ಲಾದರೂ ರತನ್‌ನ ಮಂತ್ರವಾದಿಯನ್ನು ಬದುಕಿಸೋಣ ಎಂದು ನಮ್ಮ ಜೊತೆ ಆಡುತ್ತಿದ್ದ ರೋಷನ್ ಹೇಳಿದ. ನೀನು ಪುಟ ತಿರುಗಿಸಿ, ತಲೆ ಎತ್ತದೆ, "ಸತ್ತವನ ದೇಹ ಮುಟ್ಕ್ ಅಂತ ಇತ್ತ್ ಅಕ್ಕಾ. ದೇಹ ಇಲ್ದಿರೆ ಈ ಮಂತ್ರ ಆತಿಲ್ಲೆ" ಎಂದೆ. ನಮ್ಮ ಆಟದ ಕಥೆಯಲ್ಲೂ ಅವನ ಮಂತ್ರವಾದಿ ಸಮುದ್ರದಲ್ಲೇ ಮುಳುಗಿದ ಎಂದು ಮಾಡಿದ್ದೆವಲ್ಲ. ಒಂದು ಸುಳ್ಳು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಆಗ ಅನಿಸಿತ್ತು, ಅದಕ್ಕೇ ದಾಳ ಎಸೆದೆ.

ಈಗ ಹಾಗನಿಸುವುದಿಲ್ಲ. ದೀಪಾವಳಿ ಕಳೆದ ಮೇಲೆ ಭೋಜ ಚಿಕ್ಕಪ್ಪ ಬಂದು, "ದರ್ಭೆ ಬೊಂಬೆ ಮಾಡಿ ಸುಟ್ಟ್ ಕ್ರಿಯೆ ಮುಗ್ಸುವ ಅತ್ಗೆ, ಹುಡ್ಗನ ಜೀವಕ್ಕೆ ದಾರಿ ಬೇಕಲ್ದಾ" ಎಂದರು. ಅಮ್ಮ ಗೋಡೆ ನೋಡುತ್ತಾ, "ದೇಹ ಇಲ್ದೆ ಎಂತ ಸುಡುದ್? ನನ್ ಮಗ ಹುಲ್ಲಾ?" ಎಂದಳು. ನಿನ್ನ ಪುಸ್ತಕದ ಮಾತೇ ಅವಳ ಬಾಯಲ್ಲಿ ಬಂದಿತ್ತು. ಆಗ ನಿನ್ನ ಮೇಲಿನ ಕೋಪ ಇಳಿದುಹೋಯಿತು, ರತೀಶ. ದುಃಖ ಮಾತ್ರ ಹಾಗೇ ಉಳಿದಿದೆ.

ಅವನು ಅಲೆದಾಡುತ್ತಾನೆ ಎಂದು ಎಲ್ಲರೂ ಹೇಳಿ ಹೇಳಿ ಕೊನೆಗೆ ಅವಳು ಒಪ್ಪಿದಳು. ಕಳೆದ ಬುಧವಾರ ಕಡಲ ಬದಿಯಲ್ಲಿ ಹುಲ್ಲಿನ ಬೊಂಬೆಗೆ ಅವನ ನೀಲಿ ಅಂಗಿ ಹೊದಿಸಿದರು. ಚಿಕ್ಕಪ್ಪ ಬೆಂಕಿ ಕೊಟ್ಟರು. ಹುಲ್ಲು ಎಷ್ಟು ಹೊತ್ತು ಉರಿದೀತು ಹೇಳು, ನಾನು ಸರಿಯಾಗಿ ಅಳುವುದರೊಳಗೆ ಮುಗಿದೇಹೋಯಿತು.

ನೀನು ಕೆಲಸ ಬಿಡಬೇಡ, ಹೊಟ್ಟೆ ಖಾಲಿ ಬಿಡಬೇಡ. ಮೂಕಾಂಬಿಕೆ ನಿನ್ನನ್ನು ತಣ್ಣಗಿಡಲಿ. ನಿನ್ನ ತಾಯಿಗೆ ನೀನು ನೂರು ವರ್ಷ ಇರು.

ನಿನ್ನ ಅಕ್ಕ,
ದೀಕ್ಷಾ

ತಾ.ಕ.: ಬರೆಯಬಾರದು ಎಂದುಕೊಂಡಿದ್ದೆ, ತಡೆಯಲಾಗುತ್ತಿಲ್ಲ. ಆ ಭಾನುವಾರ ಅಮ್ಮ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಾಳೆ. ಕ್ರಿಯೆಯ ಮರುದಿನ ಗಂಜಿ ಬಡಿಸುತ್ತಿದ್ದೆ, ಕೈ ಹಿಡಿದಳು. "ದೇಹ ಸಿಕ್ರೆ ಎಬ್ಸುಕ್ ಆತ್ತ್ ಅಂತ ರತೀಶ ಹೇಳಿದ್ನಲೆ?" ಅದು ಆಟ ಅಮ್ಮಾ, ಎಂದೆ. "ಆಟ ಅಂತ ನಂಗೂ ಗೊತ್ತಿತ್ತ್. ಆದ್ರೂ ಕೇಳ್ತೆ. ನಾಳೆ ಸಮುದ್ರ ಅವ್ನ್ ದೇಹ ಕೊಟ್ರೆ, ನಾವ್ ಹುಲ್ಲ್ ಸುಟ್ಟದ್ದ್ ಲೆಕ್ಕಕ್ಕೆ ಬತ್ತಾ? ನಾನ್ ಹೂಂ ಅಂದದ್ದಕ್ಕೇ ಅವ ಇನ್ ಏಳುದಿಲ್ಯಾ?" ಅಂದಿನಿಂದ ದಿನಾ ಅದೇ ಪ್ರಶ್ನೆ. ಒಮ್ಮೆ ಬಂದುಹೋಗು ರತೀಶ. ಪುಸ್ತಕ ತರಬೇಡ. ಹುಲ್ಲು ಲೆಕ್ಕಕ್ಕೆ ಬರುವುದಿಲ್ಲ ಎಂದು ನೀನೇ ಅವಳಿಗೆ ಹೇಳು.