ಬಾಗಿಲು ಬಡಿದವನಿಗೆ

ಔಷಧಿ ಅಂಗಡಿ
ಭಾನುವಾರ, ಮಧ್ಯಾಹ್ನ

ನನ್ನ ಪ್ರೀತಿಯ ಮೊಂಡಣ್ಣನಿಗೆ,

ಅಕ್ಕ ಯಾಕೆ ಫೋನು ಬಿಟ್ಟು ಕಾಗದ ಹಿಡಿದಳು ಅಂತ ತಲೆ ಕೆರೆದುಕೊಳ್ಳಬೇಡ. ಮನೆಯಿಂದ ನಿನಗೆ ಫೋನು ಮಾಡಿದರೆ ಅತ್ತೆ ಬಂದು ಪಕ್ಕದಲ್ಲೇ ಕೂರುತ್ತಾರೆ. "ಸ್ಪೀಕರ್ ಹಾಕು, ನಾನೂ ಎರಡು ಮಾತು ಹೇಳ್ತೀನಿ" ಅನ್ನುತ್ತಾರೆ. ಆ ಎರಡು ಮಾತು ಏನೆಂದು ನಿನಗೆ ಗೊತ್ತೇ ಇದೆ: ನನ್ನ ಮಗನ ಮೇಲೆ ಕೊಟ್ಟ ಹೇಳಿಕೆ ವಾಪಸ್ ತಗೋ.

ಅವರದು ಬಿಡು, ಹೆತ್ತ ಕರುಳು. ನನಗೆ ಮೈ ಉರಿದದ್ದು ನಿನ್ನ ಮೆಸೇಜ್ ಓದಿ. "ಸರಿಯಾಗಿ ಕಾಣಿಸಲಿಲ್ಲ ಅಂತ ಹೇಳಿಬಿಡ್ಲಾ ಅಕ್ಕ?" ಅಂತೆ! ಅಲ್ಲವೋ, ಏನು ಕಾಣಿಸಲಿಲ್ಲ? ಹಾಸ್ಟೆಲ್ ಪಾರ್ಟಿಯಲ್ಲಿ ನನ್ನ ಮೈದುನ ಆ ಮೊದಲ ವರ್ಷದ ಹುಡುಗಿಗೆ ಜ್ಯೂಸ್ ಅಂತ ಹೇಳಿ, ಮದ್ಯ ಬೆರೆಸಿ, ಲೋಟದ ಮೇಲೆ ಲೋಟ ಕೊಟ್ಟದ್ದು ಕಾಣಿಸಲಿಲ್ಲವೆ? ನೆಟ್ಟಗೆ ನಿಲ್ಲಲಾರದವಳನ್ನು ಆಟದ ಸಾಮಾನಿನ ಕೋಣೆಗೆ ಎಳೆದೊಯ್ದು ಚಿಲಕ ಹಾಕಿದ್ದು? ಉಳಿದವರೆಲ್ಲ ಸಿಳ್ಳೆ ಹೊಡೆಯುತ್ತ ನಿಂತಿದ್ದಾಗ, ಅವನು ತೆರೆಯುವವರೆಗೂ ಬಾಗಿಲು ಬಡಿದವನು ನೀನು. ಅವಳ ಗೆಳತಿಯರನ್ನು ಕರೆಸಿ ಮನೆ ಮುಟ್ಟಿಸಿದವನೂ ನೀನೇ. ಮರುದಿನ ಕಾಲೇಜಿನ ವಿಚಾರಣಾ ಸಮಿತಿಯ ಮುಂದೆ ಕಂಡದ್ದನ್ನು ಕಂಡ ಹಾಗೆ ಹೇಳಿ ಬಂದೆ. ಈಗ ಹಾಸ್ಟೆಲಿನ ಊಟದ ಹಾಲ್‌ನಲ್ಲಿ ಯಾರೂ ಪಕ್ಕ ಕೂರುವುದಿಲ್ಲ, "ವಾಚ್‌ಮನ್" ಅಂತ ಕರೆಯುತ್ತಾರೆ ಅನ್ನುವಷ್ಟಕ್ಕೇ ನಿನ್ನ ಕಣ್ಣು ಮಂಜಾಗಿಬಿಟ್ಟಿತೆ?

ಇಲ್ಲಿಯದು ಇನ್ನೊಂದು ನಾಟಕ. ನಿನ್ನ ಭಾವ ಪೇಪರ್ ಹಿಂದೆ ಮುಖ ಮುಚ್ಚಿಕೊಂಡು, "ವಯಸ್ಸು, ಕುಡಿದಿದ್ದ, ಏನೋ ಆಯ್ತು" ಅಂದರು. ನನ್ನ ಪಿತ್ತ ನೆತ್ತಿಗೇರಿತು. ಕುಡಿದು ತಲೆನೋವು ಅಂತ ದಿನಾ ನನ್ನ ಅಂಗಡಿಗೆ ಮಾತ್ರೆ ಕೇಳಿಕೊಂಡು ಬರುತ್ತಾರಲ್ಲ, ಅವರೆಲ್ಲ ಹುಡುಗಿಯರನ್ನು ಕೋಣೆಗೆ ತಳ್ಳಿ ಬಂದವರಾ ಅಂತ ಕೇಳಿದೆ. ಭಾವ ಪುಟ ತಿರುಗಿಸಿದರು. ಅತ್ತೆ ತಟ್ಟೆ ಕುಕ್ಕಿದರು. ಆ ಹುಡುಗಿ ಈಗ ಹೇಗಿದ್ದಾಳೆ ಅಂತ ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ.

ನಿನ್ನ ಸಂಕಟ ಅರ್ಥವಾಗುವುದಿಲ್ಲ ಅಂತಲ್ಲ ಕಣೋ. ನನ್ನ ಮದುವೆಯಾದಾಗಿನಿಂದ ನೀನೂ ಮೈದುನನೂ ಒಂದೇ ತಟ್ಟೆಯಲ್ಲಿ ಉಂಡವರು. ಅಕ್ಕನ ಸಂಸಾರಕ್ಕೆ ಏಟು ಬೀಳುತ್ತದೆ ಅಂತಲೂ ಹೆದರಿದ್ದೀಯ. ನನ್ನ ಸಂಸಾರ ನಾನು ನೋಡಿಕೊಳ್ಳುತ್ತೇನೆ, ಅದರ ಯಜಮಾನಿಕೆ ನಿನಗೆ ಬೇಡ. ನೀನು ಈಗ ಮಾತು ಬದಲಿಸಿದರೆ ಮುಂದಿನ ಪಾರ್ಟಿಯಲ್ಲಿ ಬಾಗಿಲು ಬಡಿಯಲು ಒಬ್ಬನೂ ಏಳುವುದಿಲ್ಲ. ಗುರುವಾರದ ವಿಚಾರಣೆಗೆ ನಾನೂ ಬಂದು ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಗಡ್ಡ ತೆಗೆ, ಇಸ್ತ್ರಿ ಮಾಡಿದ ಅಂಗಿ ಹಾಕು, ಹೇಳಿದ್ದನ್ನೇ ಇನ್ನೊಮ್ಮೆ ಹೇಳು.

ಗಿರಾಕಿ ಬಂದರು, ಸಾಕು.

ಬೈದು ಬೈದು ಬಾಯಾರಿದ ನಿನ್ನ
ಅಕ್ಕ

ಮರೆತ ಮಾತು: ಮರೆತಿರಲಿಲ್ಲ, ಬರೆಯಲೋ ಬೇಡವೋ ಅಂತ ಇಷ್ಟು ಹೊತ್ತು ಯೋಚಿಸಿದೆ. ನಿನ್ನೆ ಮೈದುನ ಅಂಗಡಿಗೆ ಬಂದಿದ್ದ. ಸ್ಟೂಲಿನ ಮೇಲೆ ಕೂತು, "ಅತ್ತಿಗೆ, ಅವನು ಬಾಗಿಲು ಬಡೀದೇ ಹೋಗಿದ್ರೆ ನಾನು ನಿಲ್ತಿರ್ಲಿಲ್ಲ" ಅಂದ. ಅಮ್ಮನಿಗೆ ಹೇಳಬೇಡಿ ಅಂತ ಬೇಡಿಕೊಂಡ. ಗುರುವಾರ ಸಮಿತಿಯ ಮುಂದೆ ನೀನೇ ಹೇಳು ಅಂದೆ. ಮಾತು ಕೊಡದೆ ಎದ್ದು ಹೋದ. ಅವನು ಬಾಯಿ ಬಿಡದೇ ಹೋದರೂ ನಿನಗೆ ಗೊತ್ತಿರಲಿ ಅಂತ ಬರೆದೆ.