ಬರ್ಮಾಕ್ಕೆ ಹೋದ ನಿಮ್ಮಪ್ಪ

ಅಪ್ಪಾ,

ಇಂದು ಬೆಳಿಗ್ಗೆ ಇಲ್ಲಿ ಹಿಲ್ಸ್‌ಬರೋದ ನಮ್ಮ ಮನೆಗೆ ಇಂಗ್ಲೆಂಡಿನಿಂದ ನಿಮ್ಮಪ್ಪನ ಸೇನಾ ದಾಖಲೆ ಬಂತು. ಬ್ರಿಟಿಷ್ ರೆಜಿಮೆಂಟೊಂದರ ಅಡುಗೆಯವರಾಗಿ ಬರ್ಮಾ ಯುದ್ಧಕ್ಕೆ ಹೋದವರು ಅಲ್ಲೇ ಬೇರೆ ಸಂಸಾರ ಹೂಡಿದರೆಂದು ನೀವು ಸಿಟ್ಟಾಗಿದ್ದಿರಿ, ಅವರ ತಿಥಿಯನ್ನೂ ಮಾಡಲಿಲ್ಲ. ಅವರು ೧೯೪೪ರ ಮೇ ತಿಂಗಳಲ್ಲಿ ಗಾಯಾಳುಗಳಿಗೆ ಗಂಜಿ ಒಯ್ಯುವಾಗ ಶೆಲ್ ಬಿದ್ದು ಸತ್ತಿದ್ದರು. ಆ ಸುದ್ದಿಯ ಕಾಗದ ಅಜ್ಜಿಯನ್ನು ಮುಟ್ಟದೆ ವಾಪಸಾಗಿತ್ತು.

ನನ್ನ ಮಗಳು ಸ್ಮೃತಿ ಕೇಳಿದಳು, "ತಾತಂಗೆ ಇದು ಗೊತ್ತೇ ಆಗ್ಲಿಲ್ವಾ ಅಮ್ಮಾ?"

"ಇಲ್ಲ ಕಣೇ."

"ಇದನ್ನ ತರಿಸೋಕೆ ತುಂಬಾ ವರ್ಷ ಬೇಕಾಯ್ತಾ?"

"ಆರು ವಾರ," ಎಂದೆ.

ನೀವು ಅರ್ಜಿ ತುಂಬಿ, ಸಹಿ ಹಾಕಿ, "ಕಳ್ಸಮ್ಮಾ, ನಿಜ ಏನೂಂತ ತಿಳೀಲಿ" ಎಂದು ನನಗೆ ಕೊಟ್ಟು ಒಂಬತ್ತು ವರ್ಷವಾಯಿತು, ನಾನದನ್ನು ಅಂಚೆಗೆ ಹಾಕಿದ್ದು ನೀವು ತೀರಿಕೊಂಡ ಮೇಲೆ ಎಂಬುದನ್ನು ಅವಳಿಗೆ ಹೇಳಲಿಲ್ಲ.