ಸೀದ ಬಾದಾಮಿ

೧೪ ಜುಲೈ ೧೯೪೯, ಗುರುವಾರ. ಕಲ್ಯಾಣಿ.

ಮಾಸ್ತರರ ಹೊಡೆತಕ್ಕೆ ಹೆದರಿ ಶಾಲೆ ಬಿಟ್ಟೆನೆಂದು ಎಲ್ಲರಿಗೂ ಹೇಳಿದ್ದೇನೆ. ಅದು ನಿಜವಲ್ಲ. ಅಬ್ಬಾ ತೀರಿದ ಮೇಲೆ ಬಂದ ಜ್ವರದಲ್ಲಿ ಅಮ್ಮನಿಗೆ ವಾಸನೆ ತಿಳಿಯುವುದೇ ನಿಂತುಹೋಯಿತು. ಮದುವೆಮನೆಗಳಲ್ಲಿ ಬಗಾರಾ ಅನ್ನ, ಅಂದರೆ ತುಪ್ಪ-ಮಸಾಲೆಯ ಒಗ್ಗರಣೆಯ ಅನ್ನ, ಮಾಡಿಯೇ ಅವಳು ಮನೆ ನಡೆಸುವುದು. ಪಕ್ಕದಲ್ಲಿ ನಿಂತು, ಮಸಾಲೆ ಹದಕ್ಕೆ ಬಂದ ವಾಸನೆ ಹಿಡಿದು, ಕೆಮ್ಮಿ ಅವಳಿಗೆ ತಿಳಿಸುವುದು ನನ್ನ ಕೆಲಸ. ಊರಿಗೆ ಇದು ಗೊತ್ತಿಲ್ಲ.

ಹುಮನಾಬಾದಿನ ಮಾಮಾ ಲಾರಿಯಲ್ಲಿ ಕ್ಲೀನರ್ ಕೆಲಸ ಕೊಡಿಸಿದ್ದಾನೆ. ಕೊಡಿಸೆಂದು ಬೇಡಿದವನು ನಾನೇ. ಒಲೆಯ ಮುಂದೆ ನಿಂತು ಬೇಸತ್ತಿದ್ದೆ.

ಇಂದು ಇಫ್ತಾರಿಗೆ ಮನೆಯಲ್ಲೇ ಬಗಾರಾಕ್ಕೆ ಇಟ್ಟಳು.

"ಇವತ್ತ ಕೆಮ್ಮಬ್ಯಾಡ. ನೋಡೂಣು."

ರೋಜಾದ ಉಪವಾಸ ಇದ್ದದ್ದರಿಂದ ನಾಲಿಗೆಗೆ ಹಚ್ಚಿ ನೋಡುವಂತಿಲ್ಲ. ಮೋಡದ ಮಬ್ಬಿನಲ್ಲಿ ಬಣ್ಣವೂ ಕಾಣುತ್ತಿರಲಿಲ್ಲ. ತುಪ್ಪದಲ್ಲಿ ಲವಂಗ, ಏಲಕ್ಕಿ ಸಿಡಿದವು, ಬಾದಾಮಿ ಬಿತ್ತು. ಹದ ಬಂತು, ದಾಟಿತು. ಅವಳು ಇನ್ನೂ ಕೈಯಾಡಿಸುತ್ತಲೇ ಇದ್ದಳು. ನಾನು ಉಸಿರು ಹಿಡಿದು ನಿಂತಿದ್ದೆ. ಕೊನೆಗೆ ನೀರು ಸುರಿದಳು.

"ಹ್ಯಾಂಗ ಆಗ್ಯಾದ, ಗೌಸ?"

"ಸೀದದ, ಅಮ್ಮಾ."

"ಒಂದ್ ಸುಳ್ಳ ಹೇಳಾಕ ಬರಲಿಲ್ಲ ನಿನಗ," ಎಂದು ನಕ್ಕಳು.

ಊಟಕ್ಕೆ ಕೂತಾಗ ಕಪ್ಪಾದ ಬಾದಾಮಿಗಳನ್ನೆಲ್ಲ ಆರಿಸಿ ತನ್ನ ತಟ್ಟೆಗೆ ಹಾಕಿಕೊಂಡು ತಿಂದಳು. ಆಮೇಲೆ ಮೆಲ್ಲಗೆ ಅಂದಳು, "ಈದ್ ಆದ ಮ್ಯಾಲ ಕರೀಂ ಸಾಹೇಬರ ಮಗಳ ಮದುವಿ ಅದ. ಬ್ಯಾರೆ ಅಡುಗಿಯವರ್ನ ನೋಡ್ಕೋರಿ ಅಂತ ಹೋಗೂ ಮುಂದ ಅವರಿಗಿ ಹೇಳಿ ಹೋಗು."

ಹೋಗಬೇಡ ಅನ್ನಲಿಲ್ಲ. ಅಂದಿದ್ದರೆ ನಿಲ್ಲುತ್ತಿದ್ದೆನೇ? ಇಲ್ಲವೆಂದೇ ತೋರುತ್ತದೆ. ಕರೀಂ ಸಾಹೇಬರಿಗೆ ಏನೆಂದು ಹೇಳಲಿ, ಅವಳ ಮೂಗು…

ನಾಳೆ ಬೆಳಿಗ್ಗೆ ಹುಮನಾಬಾದಿಗೆ ಹೊರಡುತ್ತೇನೆ.